ಸೊನ್ನೆಯೋ, ಖಾಲಿಯೋ?

ನಮ್ಮ ಸಕಲೇಶಪುರದ ಕಡೆ ಮಳೆಗಾಲದಲ್ಲಿ ಬೆಳಿಗ್ಗೆ ಎದ್ದರೆ ಮೊದಲ ಮಾತೇ "ರಾತ್ರಿ ಎಷ್ಟು ಸೆಂಟ್ ಬಂತು?" ಕಾಫಿ ತೋಟದವರ ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲೇ. 100 ಸೆಂಟಿಗೆ ಒಂದು ಇಂಚು. ಹತ್ತನೇ ಕ್ಲಾಸಿಗೆ ಸಂಖ್ಯಾಶಾಸ್ತ್ರದ ಪಾಠ ಮಾಡುವಾಗ ನಾನು ಈ ಮಳೆಯನ್ನೇ ಹಿಡಿದುಕೊಂಡೆ.

ಐದು ಮಕ್ಕಳು ಮನೆಯಲ್ಲಿ ಮಳೆಮಾಪಕ ಇಟ್ಟರು. ಎರಡು ಲೀಟರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಕೂರಿಸಿದ್ದು. ತಳ ಸಪಾಟಾಗಿರಲ್ಲ, ಅಲ್ವಾ? ಅದಕ್ಕೆ ಒಂದು ಹಿಡಿ ಜಲ್ಲಿ ಹಾಕಿ, ಮುಳುಗುವಷ್ಟು ನೀರು ಹೊಯ್ದು, ಆ ಗೆರೆಯನ್ನೇ ಸೊನ್ನೆ ಮಾಡಿದೆವು.

ಜುಲೈನ ಒಂದು ಬೆಳಿಗ್ಗೆ ಬಂದ ಅಳತೆ: 38, 41, 36, 40, 115 ಮಿಲಿಮೀಟರ್. ಸರಾಸರಿ 54, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) 40.

"ಸಾರ್, 54 ಯಾರ ಮನೇಲೂ ಬಿದ್ದಿಲ್ವಲ್ಲ?" ಅಂದಳು ಒಬ್ಬಳು. ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಹೇಳಿದರೂ ಯಾರೂ ಕೇಳದಿದ್ದ ಪ್ರಶ್ನೆ ಅದು!

115ನ್ನು ಹೊಡೆದು ಹಾಕೋಣ ಅಂದರು ಎಲ್ಲರೂ. ನಾನು ಬಿಡಲಿಲ್ಲ. ಘಟ್ಟದ ಅಂಚಿನ ಮನೆಗೆ ನಿಜಕ್ಕೂ ಜಾಸ್ತಿ ಬೀಳಬಹುದು. ಸಂಜೆ ಆ ಹುಡುಗನ ಮನೆಗೇ ಹೋದೆವು. ಬಾಟಲಿ ಹೆಂಚಿನ ಸೂರಿನ ಕೆಳಗಿತ್ತು, ಸೂರುನೀರೆಲ್ಲ ಅದರೊಳಗೇ. ಆಗ ಹೊಡೆದು ಹಾಕಿದೆವು, ಪಕ್ಕದಲ್ಲಿ ಕಾರಣ ಬರೆದು.

ಇನ್ನೊಬ್ಬಳು ಅಜ್ಜಿಮನೆಗೆ ಹೋದ ಎರಡು ದಿನಕ್ಕೂ 0 ಹಾಕಿದ್ದಳು. ಅಳೆಯದ ದಿನ ಬೇರೆ, ಮಳೆ ಬಾರದ ದಿನ ಬೇರೆ. ಸೊನ್ನೆ ಬರೆದರೆ ಸರಾಸರಿ ಸುಮ್ನೆ ಕುಸಿಯುತ್ತದೆ. ಅಲ್ಲಿಂದ ಮುಂದೆ ಅಳೆಯದ ದಿನಕ್ಕೆ ಅಡ್ಡಗೆರೆ.

ವರ್ಗಾಂತರಕ್ಕೆ, ಅಂದರೆ ಅಳತೆಗಳನ್ನು ಗುಂಪು ಮಾಡುವ ಅಂತರಕ್ಕೆ, ಮಳೆ ನಕ್ಷತ್ರಗಳೇ ಸಿಕ್ಕವು. ಆರಿದ್ರಾ, ಪುನರ್ವಸು, ಪುಷ್ಯ, ಒಂದೊಂದೂ 13-14 ದಿನ. ಹಿರಿಯರು ಮಳೆಯನ್ನು ಹೀಗೆ ಗುಂಪು ಮಾಡಿಯೇ ನೆನಪಿಡುವುದು. ಹವಾಮಾನ ಇಲಾಖೆಗೆ 2.5 ಮಿಲಿಮೀಟರ್ ಬಿದ್ದರೆ ಅದು ಮಳೆ ದಿನ. ತೋಟದ ಲೆಕ್ಕದಲ್ಲಿ ಸುಮಾರು 10 ಸೆಂಟ್. ಇದು ಗೊತ್ತಾದಾಗ ಮಕ್ಕಳ ಖುಷಿ ನೋಡಬೇಕಿತ್ತು.

"ಈಗ ಮಳೆ ಕಮ್ಮಿಯಾಗಿದೆ" ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಒಂದು ಮಳೆಗಾಲದ ಅಳತೆಯಿಂದ ಅದನ್ನು ಹೇಳಲು ಆಗಲ್ಲ. ಹವಾಮಾನದ ಸರಾಸರಿಗೆ 30 ವರ್ಷವಾದರೂ ಬೇಕು. ಹಾಗಾಗಿ ಹಳೆಯ ಬೆಳೆಗಾರರೊಬ್ಬರ ಮನೆಗೆ ಹೋದೆವು. ಅಲ್ಲಿ ಕಪಾಟಿನ ತುಂಬ ಮಳೆ ಪುಸ್ತಕ. ಮಕ್ಕಳು ಪುಟ ತಿರುಗಿಸುತ್ತಾ ಒಂದು ಕಡೆ ನಿಂತರು. ಆಗಸ್ಟಿನಲ್ಲಿ ಒಂದು ವಾರ ಪೂರ್ತಿ ಬಿಳಿ.

"ಅಜ್ಜಾ, ಇದು ಸೊನ್ನೆಯಾ, ಖಾಲಿಯಾ?"

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಆ ವಾರ ನಾನು ಆಸ್ಪತ್ರೆಲಿದ್ದೆ ಕಣಮ್ಮಾ." ಅವಳು ತನ್ನ ನೋಟ್‌ಬುಕ್ಕಿನಲ್ಲಿ ಏಳು ಅಡ್ಡಗೆರೆ ಎಳೆದಳು.