ವಿಮಾನದ ದಾರಿ: ದೂರ, ಸಮಯಗಳ ಲೆಕ್ಕ ಹಾಕುವುದು ಹೇಗೆ?

ಓದಿಗೋ ಕೆಲಸಕ್ಕೋ ಮಕ್ಕಳನ್ನು ಲಂಡನ್ನಿಗೆ ಕಳುಹಿಸುವ ದಾವಣಗೆರೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಅದು ಎಷ್ಟು ತಾಸಿನ ದಾರಿ ಎಂಬುದು. ಟಿಕೆಟ್ಟಿನಲ್ಲಿರುವ ಹೊರಡುವ ಮತ್ತು ತಲುಪುವ ಸಮಯಗಳನ್ನು ಹಾಗೆಯೇ ಕಳೆದರೆ ಉತ್ತರ ತಪ್ಪುತ್ತದೆ. ಆ ಎರಡೂ ಆಯಾ ಊರಿನ ಗಡಿಯಾರದ ಸಮಯಗಳು.

ಮೊದಲು ದೂರವನ್ನು ತಿಳಿಯಬೇಕು. ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ದುಂಡಗಿನ ಭೂಮಿಯನ್ನು ಹಾಳೆಯ ಮೇಲೆ ಹರಡಿದಾಗ ದೂರಗಳು ಹಿಗ್ಗಿ ಕುಗ್ಗುತ್ತವೆ. ಶಾಲೆಯಲ್ಲಿರುವ ಗ್ಲೋಬಿನ ಮೇಲೆ ಬೆಂಗಳೂರಿನಿಂದ ಲಂಡನ್ನಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಕೂರುವ ಆ ಗೆರೆಯೇ ಅತಿ ಹತ್ತಿರದ ದಾರಿ. ಅದು ಗ್ಲೋಬಿನ ಸುತ್ತಳತೆಯ ಐದನೆಯ ಒಂದು ಭಾಗದಷ್ಟಿರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ದೂರ ಸುಮಾರು 8,000 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೋಗೆ ಹೀಗೆಯೇ ದಾರ ಎಳೆದರೆ ಅದು ಉತ್ತರ ಧ್ರುವದ ಹತ್ತಿರದಿಂದಲೇ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಸುಮಾರು 14,000 ಕಿ.ಮೀ. ದೂರದ ಬೆಂಗಳೂರಿಗೆ ಹಾರಿ ಬಂದದ್ದು ಈ ಧ್ರುವದ ದಾರಿಯಲ್ಲೇ.

ಇನ್ನಷ್ಟು ನಿಖರತೆ ಬೇಕೆಂದರೆ ಪಿಯುಸಿ ಗಣಿತ ಸಾಕು. ಎರಡು ಊರುಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ; ಅದಕ್ಕೆ ಅವೇ ಅಕ್ಷಾಂಶಗಳ ಕೊಸೈನ್‌ಗಳು ಮತ್ತು ರೇಖಾಂಶಗಳ ವ್ಯತ್ಯಾಸದ ಕೊಸೈನ್, ಈ ಮೂರರ ಗುಣಲಬ್ಧವನ್ನು ಕೂಡಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಎಂದು ಕ್ಯಾಲ್ಕುಲೇಟರಿನಲ್ಲಿ ನೋಡಿ, ಆ ಡಿಗ್ರಿಯನ್ನು 111.2ರಿಂದ ಗುಣಿಸಿದರೆ ಕಿಲೋಮೀಟರು ಸಿಗುತ್ತದೆ. ಬೆಂಗಳೂರು ವಿಮಾನ ನಿಲ್ದಾಣಕ್ಕೆ 13.2 ಉತ್ತರ, 77.7 ಪೂರ್ವ, ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೆ 51.5 ಉತ್ತರ, 0.5 ಪಶ್ಚಿಮ ಎಂದು ಹಿಡಿದರೆ ಕೋನ 72.4 ಡಿಗ್ರಿ, ದೂರ ಸುಮಾರು 8,050 ಕಿ.ಮೀ.

ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಒಂಬತ್ತು ತಾಸು. ರನ್‌ವೇವರೆಗಿನ ಓಟ, ಏರುವಿಕೆ, ಇಳಿಯುವಿಕೆಗೆಂದು ಅರ್ಧ ತಾಸು ಸೇರಿಸಿ. ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವೆಂಬ ಬಿರುಗಾಳಿ ಹೋಗುವಾಗ ಎದುರಾಗಿ ತಡೆಯುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಯುದ್ಧ ನಡೆಯುತ್ತಿರುವ ದೇಶಗಳ ಆಕಾಶವನ್ನು ತಪ್ಪಿಸಿ ಸುತ್ತಿ ಹೋಗಬೇಕಾದರೆ ದಾರಿಯೂ ಬೆಳೆಯುತ್ತದೆ. ಹೀಗಾಗಿ ಹೋಗುವ ಪ್ರಯಾಣಕ್ಕೆ ಹತ್ತೂವರೆ ತಾಸು ಹಿಡಿಯುವುದು ಸುರಕ್ಷಿತ.

ಗಡಿಯಾರದ ವ್ಯತ್ಯಾಸ ಚಳಿಗಾಲದಲ್ಲಿ ಐದೂವರೆ ತಾಸು, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ನಾಲ್ಕೂವರೆ. ಬೆಳಿಗ್ಗೆ ಏಳಕ್ಕೆ ಹೊರಟವರು ಇಳಿಯುವಾಗ ನಮ್ಮಲ್ಲಿ ಸಂಜೆ ಐದೂವರೆ. ಲಂಡನ್ನಿನಲ್ಲಿ ಚಳಿಗಾಲವಾದರೆ ಮಧ್ಯಾಹ್ನ ಹನ್ನೆರಡು, ಬೇಸಿಗೆಯಾದರೆ ಒಂದು ಗಂಟೆ.

ನಮ್ಮ ಊರಿನವರ ಲೆಕ್ಕ ಮಾತ್ರ ದೇವನಹಳ್ಳಿಯಿಂದ ಆರಂಭವಾಗುವುದಿಲ್ಲ. ವಿದೇಶಿ ವಿಮಾನಕ್ಕೆ ಮೂರು ತಾಸು ಮೊದಲೇ ನಿಲ್ದಾಣದಲ್ಲಿರಬೇಕು, ದಾವಣಗೆರೆಯಿಂದ ಚಿತ್ರದುರ್ಗ, ತುಮಕೂರು ದಾಟಿ ಅಲ್ಲಿಗೆ ಸೇರಲು ಕಾರಿನಲ್ಲೂ ಐದಾರು ತಾಸು ಬೇಕು. ಬೆಳಿಗ್ಗೆ ಏಳರ ವಿಮಾನಕ್ಕೆ ಹಿಂದಿನ ರಾತ್ರಿ ಹತ್ತು ಗಂಟೆಗೇ ಮನೆ ಬಿಡಿ. ಮನೆಯಿಂದ ಹೀಥ್ರೂವರೆಗೆ ಒಟ್ಟು ಹತ್ತೊಂಬತ್ತೂವರೆ ತಾಸು.