ಔಟ್‌ಬೋರ್ಡ್ ಇಂಜಿನ್ ನಡುನೀರಲ್ಲಿ ನಿಂತರೆ ಮೊದಲು ಬಲ್ಬ್ ಮುಟ್ಟಿ ನೋಡಿ
ನಾಡದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಇಂಜಿನ್ ಕಟ್ಟಿಕೊಂಡವರಿಗೆ ಒಂದು ಮಾತು. ಇಂಜಿನ್ ಸ್ಟಾರ್ಟ್ ಆಗಿ, ಐದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತರೆ ಸುಮ್ನೆ ಕಾರ್ಬೊರೇಟರ್ ಬಿಚ್ಚಲು ಹೋಗಬೇಡಿ. ಟ್ಯಾಂಕಿನಿಂದ ಇಂಜಿನ್‌ಗೆ ಎಣ್ಣೆ ಹೋಗುವ ಪೈಪಿನ ನಡುವೆ ಕೈಯಲ್ಲಿ ಹಿಂಡುವ ರಬ್ಬರ್ ಬಲ್ಬ್ ಇರುತ್ತದಲ್ಲ, ಅದನ್ನು ಮುಟ್ಟಿ ನೋಡಿ. ಚೀಪಿದ ಮಾವಿನಹಣ್ಣಿನ ಹಾಗೆ ಚಪ್ಪಟೆಯಾಗಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆಯಲು ಮರೆತಿರುತ್ತೀರಿ, ಇಲ್ಲವೇ ಟ್ಯಾಂಕಿನೊಳಗಿನ ಜಾಲರಿಯಲ್ಲಿ ಕಸ ಕಟ್ಟಿರುತ್ತದೆ. ಮಲ್ಪೆಯ ಹೊರಗೆ ನನಗೆ ಹೀಗೇ ಆಗಿತ್ತು, ಸ್ಕ್ರೂ ಸಡಿಲಿಸಿದ ಕೂಡಲೇ ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿಸಿತು. ಎಷ್ಟು ಹಿಂಡಿದರೂ ಬಲ್ಬ್ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ: ಪೈಪ್ ಸಿಕ್ಕಿಸುವ ಕನೆಕ್ಟರಿನ ಓ-ರಿಂಗ್ (ರಬ್ಬರ್ ಬಳೆ), ಪೈಪಿನ ಕ್ಲಿಪ್ಪು ನೋಡಿ. ಹಿಂಡುತ್ತಿದ್ದಾಗ ಮಾತ್ರ ಓಡುತ್ತದಾ? ಹಾಗಾದರೆ ಜಾಸ್ತಿ ಅನುಮಾನ ಫ್ಯುಯೆಲ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಮೇಲೆ. ಸೀಮೆಎಣ್ಣೆ ಹಾಕುವವರು ಫಿಲ್ಟರ್ ಬಟ್ಟಲನ್ನೂ ಬಿಚ್ಚಿ ನೋಡಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ.