ಮೊಬೈಲಿನ ಚಂದ್ರನನ್ನು ಕಾಗದಕ್ಕೆ ಇಳಿಸುವುದು ಹೇಗೆ?

ಇವತ್ತು ಯಾವ ತಿಥಿ, ಚಂದ್ರ ಎಷ್ಟು ತುಂಬಿದ್ದಾನೆ, ಎಷ್ಟು ಹೊತ್ತಿಗೆ ಮೂಡುತ್ತಾನೆ ಎಂದು ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಅಂಥದ್ದೊಂದನ್ನು ಕೈಯಲ್ಲಿ ತಿರುಗಿಸುವ, ಎಳೆಯುವ, ಬಿಚ್ಚಿ ನೋಡುವ ಪುಸ್ತಕ ಮಾಡಬಹುದು. ಎರಡು ರಜೆ ದಿನ ಸಾಕು. ನಾನು ಇದನ್ನು ಮಕ್ಕಳಿಗೂ ಮೇಷ್ಟ್ರುಗಳಿಗೂ ಹೇಳಿಕೊಡುತ್ತ ಬಂದಿದ್ದೇನೆ. ಹೊಲಿಗೆ, ಬಣ್ಣ, ಮಡಿಕೆ ಎಲ್ಲರಿಗೂ ಬರುತ್ತದೆ. ಎಡವುವುದು ಒಂದೇ ಕಡೆ, ಚಕ್ರದಲ್ಲಿ. ಸಂಜೆಯವರೆಗೆ ಕಷ್ಟಪಟ್ಟು ಮಾಡಿದ ಚಕ್ರ ತಿರುಗದೇ ಹೋದಾಗ ಮಗುವಿನ ಮುಖ ನೋಡೋಕಾಗಲ್ಲ. ಅದಕ್ಕೇ ಈ ಲೇಖನದಲ್ಲಿ ಅರ್ಧಕ್ಕಿಂತ ಜಾಸ್ತಿ ಚಕ್ರದ ಮಾತೇ ಇದೆ.

ಮೊದಲು ಬೆರಳನ್ನು ಗಮನಿಸಿ

ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ ಹೊಲಿದರೆ ಅದು ಆ್ಯಪ್‌ನ ಫೋಟೊ ಆಲ್ಬಂ ಆಗುತ್ತದೆ ಅಷ್ಟೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಿನ ಪೂರ್ತಿ ಆ್ಯಪ್ ಬಳಸಿ, ನಿಮ್ಮ ಬೆರಳು ಏನೇನು ಮಾಡಿತು ಎಂದು ಚೀಟಿಯಲ್ಲಿ ಬರೆಯಿರಿ. ಪಕ್ಕಕ್ಕೆ ಸರಿಸಿದ್ದು, ಒತ್ತಿದ್ದು, ಹಿಗ್ಗಿಸಿ ನೋಡಿದ್ದು, ನೆನಪಿನ ಸಂದೇಶ ಬಂದದ್ದು. ಆಮೇಲೆ ಒಂದೊಂದಕ್ಕೂ ಕಾಗದದಲ್ಲಿ ಜೊತೆ ಹುಡುಕಿ. ದಿನ ಸರಿಸುವುದು ಚಕ್ರವಾಗುತ್ತದೆ. ಒತ್ತಿ ನೋಡುವುದು ಮುಚ್ಚಳವಾಗುತ್ತದೆ. ಹಿಗ್ಗಿಸುವುದು ಮಡಿಕೆ ಬಿಚ್ಚುವುದಾಗುತ್ತದೆ. ಸಂದೇಶ, ಕೊನೆಯ ಪುಟದ ಜೇಬಿನಲ್ಲಿಟ್ಟ ಚೀಟಿಗಳಾಗುತ್ತವೆ. ಲಾಗಿನ್, ಸೆಟ್ಟಿಂಗ್ಸ್, ಜಾಹೀರಾತು ಬಿಟ್ಟುಬಿಡಿ.

ಪುಸ್ತಕದೊಳಗೆ ಚಕ್ರ ಕೂರಿಸುವುದು ಹಳೆಯ ವಿದ್ಯೆ. ಜರ್ಮನಿಯ ಪೀಟರ್ ಅಪಿಯನ್ 1540ರಲ್ಲಿ ಇಂಗೋಲ್‌ಸ್ಟಾಟ್ ಊರಿನ ತನ್ನದೇ ಮುದ್ರಣಾಲಯದಲ್ಲಿ ಅಚ್ಚು ಹಾಕಿದ ಖಗೋಳ ಪುಸ್ತಕದಲ್ಲಿ ಒಂದರ ಮೇಲೊಂದು ಕಾಗದದ ಚಕ್ರಗಳಿವೆ. ಅವನ್ನು ತಿರುಗಿಸಿ ಗ್ರಹ ಎಲ್ಲಿದೆ ಎಂದು ಕಂಡುಕೊಳ್ಳಬಹುದಿತ್ತು. ನಮಗೆ ಅಷ್ಟೆಲ್ಲ ಬೇಡ. ಒಂದೇ ಚಕ್ರ ಸಾಕು. ಅದು ಎರಡು ಎಲೆಗಳ (ಮಡಚಿದ ಹಾಳೆಯ ಒಂದೊಂದು ಅರ್ಧ ಒಂದೊಂದು ಎಲೆ) ನಡುವೆ ಅಡಗಿರುತ್ತದೆ, ಮೇಲಿನ ಎಲೆಯಲ್ಲಿ ಕತ್ತರಿಸಿದ ಕಿಟಕಿಯಿಂದ ಆ ದಿನದ ಚಂದ್ರ ಕಾಣುತ್ತಾನೆ.

ಕಾಗದ

ಪುಟಗಳಿಗೆ 120 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ, ಅಂದರೆ ಹೊಳಪಿಲ್ಲದ ಅಚ್ಚಿನ ಕಾಗದ. ಚಕ್ರಕ್ಕೆ 250 ಜಿಎಸ್‌ಎಂ ಕಾರ್ಡ್. ಹೊಳೆಯುವ ಆರ್ಟ್ ಪೇಪರ್ ಬೇಡವೇ ಬೇಡ. ಮಡಚಿದ ಕಡೆ ಲೇಸರ್ ಪ್ರಿಂಟಿನ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಿಳಿ ಗೆರೆ ಕಾಣುತ್ತದೆ, ಅದರ ಮೇಲೆ ಪೆನ್ಸಿಲ್ಲೂ ಸರಿಯಾಗಿ ಮೂಡುವುದಿಲ್ಲ. ಪುಟ 20 ಸೆಂಟಿಮೀಟರ್ ಚೌಕ ಇರಲಿ. ಅಂದರೆ 20×40ರ ಹಾಳೆ ಮಡಚಬೇಕು. ಡಿಜಿಟಲ್ ಪ್ರಿಂಟ್ ಅಂಗಡಿಗಳ 12×18 ಇಂಚಿನ ಹಾಳೆಯಲ್ಲಿ ಇದು ಆರಾಮಾಗಿ ಕೂರುತ್ತದೆ. ಐದು ಹಾಳೆ ತೆಗೆದುಕೊಳ್ಳಿ.

ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕಿದೆ. ಹಾಳೆಯನ್ನು ಎರಡೂ ಕಡೆಯಿಂದ ಸುಮ್ನೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಪುಸ್ತಕದ ಬೆನ್ನಿನ ಮಡಿಕೆ ಬರಬೇಕು. ಇದನ್ನು ಬಿಟ್ಟರೆ ಮಳೆಗಾಲದಲ್ಲಿ ಪುಟಗಳು ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ.

ಪ್ರಿಂಟ್ ಹಾಕಿಸುವಾಗ ಒಂದು ಎಚ್ಚರಿಕೆ. ಅಂಗಡಿಯವರು ಅಭ್ಯಾಸಬಲದಿಂದ 'ಫಿಟ್ ಟು ಪೇಜ್' ಒತ್ತಿಬಿಡುತ್ತಾರೆ. ಒಂದು ಹಾಳೆ 100 ಪರ್ಸೆಂಟ್, ಇನ್ನೊಂದು 96 ಪರ್ಸೆಂಟ್ ಬಂದರೆ ಚಕ್ರಕ್ಕೂ ಕಿಟಕಿಗೂ ಹೊಂದುವುದೇ ಇಲ್ಲ. ನನಗೆ ಒಮ್ಮೆ ಹೀಗಾಗಿ 20 ಪುಸ್ತಕದ ಹಾಳೆಗಳು ಹಾಳಾದವು. ಆಮೇಲಿಂದ ಪ್ರತಿ ಹಾಳೆಯ ಮೂಲೆಯಲ್ಲೂ 10 ಸೆಂಟಿಮೀಟರ್ ಉದ್ದದ ಒಂದು ಗೆರೆ ಇಟ್ಟಿರುತ್ತೇನೆ. ಮೊದಲ ಹಾಳೆ ಬಂದ ಕೂಡಲೇ ಅಲ್ಲೇ ನಿಂತು ಸ್ಕೇಲಿನಲ್ಲಿ ಅಳೆಯಿರಿ, ಸರಿ ಇದ್ದರೆ ಮಾತ್ರ ಉಳಿದದ್ದಕ್ಕೆ ಹೂಂ ಅನ್ನಿ.

ಚಕ್ರ: ಇಲ್ಲಿ ಆತುರ ಬೇಡ

ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿದರೆ ಒಂದು ತಿಥಿ. 30 ತಿಥಿಗೆ 360 ಡಿಗ್ರಿ, ಒಂದು ಸುತ್ತು. ಚಕ್ರಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಾ? ಕೆಲವರು ಅಂಚಿನಲ್ಲಿ ತಾರೀಖು ಬರೆಯಲು ಹೋಗುತ್ತಾರೆ. ಅದು ಬೇಡ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ತಾರೀಖಿನ ಜೊತೆ ಅದು ಎಂದೂ ಕೂಡಿಬರುವುದಿಲ್ಲ. ತಿಥಿಯ ಹೆಸರುಗಳನ್ನೇ ಬರೆಯಿರಿ: ಪಾಡ್ಯ, ಬಿದಿಗೆ, ತದಿಗೆ, ಚೌತಿ, ಹೀಗೆ.

ಕಾರ್ಡಿನ ಮೇಲೆ ಕೈವಾರದಿಂದ 17 ಸೆಂಟಿಮೀಟರ್ ಅಗಲದ ವೃತ್ತ ಎಳೆಯಿರಿ. ಅದೇ ಕೇಂದ್ರದಿಂದ ಒಳಗೆ 2 ಸೆಂಟಿಮೀಟರ್ ಅಗಲದ ಚಿಕ್ಕ ವೃತ್ತ. ಕೋನಮಾಪಕ ಇಟ್ಟು 12 ಡಿಗ್ರಿಗೊಂದರಂತೆ 30 ಗೆರೆ. ಕೇಂದ್ರದಿಂದ 66 ಮಿಲಿಮೀಟರ್ ದೂರದಲ್ಲಿ, ಒಂದೊಂದು ಗೆರೆಯ ಮೇಲೆ 10 ಮಿಲಿಮೀಟರ್ ಅಗಲದ ಒಬ್ಬೊಬ್ಬ ಚಂದ್ರ.

ಹೆಚ್ಚಿನವರು ತಪ್ಪುವುದು ಈಗಲೇ. ಚಕ್ರವನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು ಮೂವತ್ತೂ ಚಂದ್ರರನ್ನು ನೆಟ್ಟಗೆ ಬರೆದುಬಿಡುತ್ತಾರೆ. ಆಮೇಲೆ ತಿರುಗಿಸಿದರೆ ಒಬ್ಬ ತಲೆಕೆಳಗು, ಒಬ್ಬ ಪಕ್ಕಕ್ಕೆ. ಹಾಗಲ್ಲ. ಕಿಟಕಿ ಎಲ್ಲಿ ಬರುತ್ತದೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಕೇಂದ್ರದ ಎಡಕ್ಕೆ, ಗಡಿಯಾರದ 9 ಗಂಟೆಯ ಜಾಗದಲ್ಲಿ ಇಡಬೇಕು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಕಿಟಕಿ ಮೇಲ್ಗಡೆ ಇದ್ದರೆ ತಿಥಿಯ ಹೆಸರನ್ನು ಕತ್ತು ಓರೆ ಮಾಡಿ ಓದಬೇಕಾಗುತ್ತದೆ. ಎಡಕ್ಕಿದ್ದರೆ ಮೊದಲು ಚಂದ್ರ, ಅವನ ಬಲಕ್ಕೆ ಹೆಸರು, ಒಂದೇ ಸಾಲಾಗಿ ಓದಿಕೊಂಡು ಹೋಗಬಹುದು. ಈಗ 9 ಗಂಟೆಯ ಜಾಗದಲ್ಲಿ ಒಂದು ಚಂದ್ರ ಮತ್ತು ಅದರ ಹೆಸರು ಬರೆಯಿರಿ, ಚಕ್ರವನ್ನು ಗಡಿಯಾರದ ದಿಕ್ಕಿಗೆ 12 ಡಿಗ್ರಿ ತಿರುಗಿಸಿ, ಮತ್ತೆ ಅದೇ ಜಾಗದಲ್ಲಿ ಮುಂದಿನದು. ನಿಮ್ಮ ಕೈ ಒಂದೇ ಕಡೆ ಇರಬೇಕು, ಚಕ್ರ ಸರಿಯಬೇಕು. ಹೀಗೆ ಬರೆದರೆ ತಿಥಿಗಳು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಸಾಲಾಗುತ್ತವೆ, ಓದುಗರು ಬಲಗಡೆಯಿಂದ ಹೆಬ್ಬೆರಳಲ್ಲಿ ಚಕ್ರವನ್ನು ಕೆಳಕ್ಕೆ ತಳ್ಳಿದಾಗ ಪಾಡ್ಯದ ನಂತರ ಬಿದಿಗೆಯೇ ಬರುತ್ತದೆ. ಇಲ್ಲದಿದ್ದರೆ ಕಾಲ ಹಿಂದಕ್ಕೆ ಓಡುತ್ತದೆ.

ಚಂದ್ರನ ಆಕಾರದ ಬಗ್ಗೆಯೂ ಎರಡು ಮಾತು. ಅಷ್ಟಮಿ ಕಳೆದು ಹುಣ್ಣಿಮೆಯ ಕಡೆ ಹೋಗುವ ಚಂದ್ರನನ್ನು ಕಚ್ಚಿದ ಬಿಸ್ಕತ್ತಿನ ಹಾಗೆ ಬರೆಯುವವರೇ ಜಾಸ್ತಿ. ಅದು ತಪ್ಪು. ನೆರಳಿನ ಅಂಚು ಯಾವಾಗಲೂ ವೃತ್ತದ ಎದುರುಬದುರಿನ ಎರಡು ತುದಿಗಳನ್ನು ಮುಟ್ಟಬೇಕು. ಅಷ್ಟಮಿಯ ಹೊತ್ತಿಗೆ ಅದು ನೇರ ಗೆರೆ, ಅಲ್ಲಿಂದ ಮುಂದೆ ಕತ್ತಲೆಯ ಕಡೆಗೆ ಉಬ್ಬುತ್ತ ಹೋಗುತ್ತದೆ. ಇನ್ನೊಂದು, ಬಿದಿಗೆ ಚಂದ್ರನನ್ನು ಎಷ್ಟೋ ಆ್ಯಪ್‌ಗಳು ಕುಡುಗೋಲು ನಿಲ್ಲಿಸಿದ ಹಾಗೆ ತೋರಿಸುತ್ತವೆ. ಯುರೋಪಿನಂಥ ಬಡಗಣ ದೇಶಗಳಿಗೆ ಅದು ಸರಿ. ನಮ್ಮಲ್ಲಿ ಸಂಜೆ ಪಡುವಣದಲ್ಲಿ ಅವನು ಬಹುಮಟ್ಟಿಗೆ ದೋಣಿಯ ಹಾಗೆ ಮಲಗಿರುತ್ತಾನೆ. ಮಹಡಿ ಹತ್ತಿ ನೋಡಿ, ಕಂಡ ಹಾಗೆ ಬರೆಯಿರಿ. ಮೊಬೈಲಿಗಿಂತ ನಿಮ್ಮ ಪುಸ್ತಕ ನಿಜವಾಗುವುದು ಇಲ್ಲಿಯೇ.

ಇನ್ನು ಕೂರಿಸುವುದು. ಎರಡು ಕಾಲಿನ ಹಿತ್ತಾಳೆ ಪಿನ್ ಚುಚ್ಚಿ ಹಿಂದೆ ಮಡಚುವುದು ಎಲ್ಲರಿಗೂ ಗೊತ್ತಿರುವ ಅಡ್ಡದಾರಿ. ಶಾಲೆಯ ಚಾರ್ಟಿಗೆ ಆಗಬಹುದು, ಪುಸ್ತಕಕ್ಕೆ ಬೇಡ. ಅದರ ತಲೆ ಪಕ್ಕದ ಪುಟಗಳಲ್ಲಿ ಗುಳಿ ಮಾಡುತ್ತದೆ, ತೂತು ದಿನೇ ದಿನೇ ದೊಡ್ಡದಾಗಿ ಚಕ್ರ ಓಲಾಡುತ್ತದೆ. ಗಾಡಿ ಗಾಲಿಗೆ ನಡುವೆ ಗುಂಬ ಇರುವ ಹಾಗೆ ನಾವು ಕಾಗದದ್ದೇ ಗುಂಬ ಮಾಡೋಣ. ಚಕ್ರದ ನಡುವಿನ 2 ಸೆಂಟಿಮೀಟರ್ ವೃತ್ತವನ್ನು ಹೊಸ ಬ್ಲೇಡಿನಿಂದ ನಿಧಾನಕ್ಕೆ ಕತ್ತರಿಸಿ. ಒಂದೇ ಏಟಿಗೆ ಒತ್ತಬೇಡಿ, ಹಗುರವಾಗಿ ನಾಲ್ಕೈದು ಸುತ್ತು ಬನ್ನಿ. ಬಿದ್ದ ಬಿಲ್ಲೆಯನ್ನು ಎಸೆಯಬೇಡಿ, ಅದೇ ಗುಂಬ. ಅದರ ಅಂಚನ್ನು ನುಣುಪು ಉಪ್ಪುಕಾಗದದಲ್ಲಿ ಎರಡು ಸಲ ತೀಡಿ. ಹಿಂಬದಿಗೆ ಸಾಮಾನ್ಯ ಜೆರಾಕ್ಸ್ ಕಾಗದದ ಒಂದು ಚೂರು ಅಂಟಿಸಿ ಅಷ್ಟೇ ಅಳತೆಗೆ ಕತ್ತರಿಸಿ. ಆ ಒಂದು ಪದರದ ದಪ್ಪವೇ ಚಕ್ರಕ್ಕೆ ಉಸಿರಾಡುವ ಜಾಗ.

ಹಾಳೆಗಳನ್ನು ಒಂದರೊಳಗೊಂದು ಮಡಚಿ ಕ್ಲಿಪ್ ಹಾಕಿ. ಬಲಗಡೆ ಅಕ್ಕಪಕ್ಕದ ಎರಡು ಎಲೆಗಳ ನಡುವೆ ಚಕ್ರ ಕೂರುತ್ತದೆ. ಎರಡೂ ಎಲೆಗಳ ನಟ್ಟನಡುವೆ ಒಟ್ಟಿಗೇ ಸೂಜಿ ಚುಚ್ಚಿ, ಬೇರೆ ಬೇರೆ ಅಳೆದರೆ ಒಂದು ಮಿಲಿಮೀಟರಾದರೂ ತಪ್ಪುತ್ತದೆ. ಮುಂದಿನ ಎಲೆಯಲ್ಲಿ, ಅಂದರೆ ಓದುವವರ ಕಡೆಗಿರುವ ಎಲೆಯಲ್ಲಿ, ಕೇಂದ್ರದಿಂದ ಎಡಕ್ಕೆ 66 ಮಿಲಿಮೀಟರಿಗೆ 12 ಮಿಲಿಮೀಟರ್ ಅಗಲದ ದುಂಡು ಕಿಟಕಿ, ಅದರ ಬಲಕ್ಕೆ ಹೆಸರಿಗಾಗಿ 27 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಎತ್ತರದ ಸೀಳು. ಎರಡೂ ಎಲೆಗಳ ಬಲ ಅಂಚಿನ ನಡುವೆ ಹೆಬ್ಬೆರಳಿಗಾಗಿ ಅರ್ಧಚಂದ್ರದ ಕಚ್ಚು, ಒಳಕ್ಕೆ 26 ಮಿಲಿಮೀಟರ್. ಚಕ್ರವನ್ನೇ ಪುಟದಿಂದ ಹೊರಗೆ ಚಾಚಿಸುವವರಿದ್ದಾರೆ. ಒಂದು ಸಲ ಬ್ಯಾಗಿಗೆ ಹಾಕಿದರೆ ಅದರ ಅಂಚು ಮುದುರಿಹೋಗುತ್ತದೆ. ಕಚ್ಚೇ ಒಳ್ಳೆಯದು.

ಹಿಂದಿನ ಎಲೆಯ ಸೂಜಿ ಗುರುತಿಗೆ ಗುಂಬದ ಕೇಂದ್ರ ಕೂಡುವ ಹಾಗೆ ಅಂಟಿಸಿ, ಹತ್ತು ನಿಮಿಷ ಒಣಗಲು ಬಿಡಿ. ಅದರ ಸುತ್ತ ಚಕ್ರ ಇಡಿ. ತಿರುಗಿಸಿ ನೋಡಿ. ಎಲ್ಲಾದರೂ ತಡೆದರೆ ಚಕ್ರದ ತೂತನ್ನು ಇನ್ನೊಂಚೂರು ತೀಡಿ. ಎಲೆಯ ನಾಲ್ಕೂ ಅಂಚಿಗೆ 10 ಮಿಲಿಮೀಟರ್ ಅಗಲದ ಪಟ್ಟಿ ಅಂಟಿಸಿ, ಕಚ್ಚಿನ ಕಡೆ ಮಾತ್ರ ಬಿಡಿ. ಪಟ್ಟಿಯ ದಪ್ಪ ಗುಂಬದಷ್ಟೇ ಇರಬೇಕು, ಅಂದರೆ ಅದೇ ಕಾರ್ಡಿನ ಮೇಲೆ ಜೆರಾಕ್ಸ್ ಕಾಗದದ ಒಂದು ಪದರ. ಈ ಪಟ್ಟಿ ಬಿಟ್ಟು ನೇರವಾಗಿ ಅಂಟಿಸಿದ ಚಕ್ರ ಎಂದೂ ಸರಾಗವಾಗಿ ತಿರುಗಿದ್ದನ್ನು ನಾನು ನೋಡಿಲ್ಲ. ಕೊನೆಗೆ ಗುಂಬದ ತಲೆಗೂ ಪಟ್ಟಿಗಳಿಗೂ ಫೆವಿಕಾಲ್ ಹಚ್ಚಿ ಮುಂದಿನ ಎಲೆಯನ್ನು ಮುಚ್ಚಿ. ಅಂಟು ಸಾಸಿವೆಯಷ್ಟು ಸಾಕು, ಬೆರಳಲ್ಲಿ ತೆಳ್ಳಗೆ ಸವರಬೇಕು. ಗುಂಬದ ಮೇಲೆ ಜಾಸ್ತಿಯಾದರೆ ಅಂಚಿನಿಂದ ಇಳಿದು ಚಕ್ರವನ್ನೂ ಹಿಡಿದುಕೊಳ್ಳುತ್ತದೆ. ಮುಚ್ಚಿದ ಮೇಲೆ ಹದಿನೈದು ನಿಮಿಷ ಆಗಾಗ ಚಕ್ರ ತಿರುಗಿಸುತ್ತಲೇ ಇರಿ. ಡಬಲ್ ಟೇಪ್ ಬೇಗ ಆಗುತ್ತದೆ ಎಂದು ಆಸೆಪಡಬೇಡಿ. ಬೇಸಿಗೆಯಲ್ಲಿ ಅದರ ಅಂಟು ಜಾರಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ.

ಉಳಿದ ಪುಟಗಳು

ಇವು ಸುಲಭ. ಒಂದು ಪುಟದಲ್ಲಿ ಎಳೆಯುವ ಪಟ್ಟಿ: ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೂಡುತ್ತಾನೆ, ಅಲ್ಲಿಂದ ದಿನಕ್ಕೆ ಸರಾಸರಿ 50 ನಿಮಿಷ ತಡ, ಬಹುಳ ಅಷ್ಟಮಿಗೆ ಸುಮಾರು ನಡುರಾತ್ರಿ. ಎರಡು ಸೀಳಿನ ನಡುವೆ ಪಟ್ಟಿ ತೂರಿಸಿದರೆ ಆಯಿತು. ಇನ್ನೊಂದರಲ್ಲಿ ಚೌತಿ. ಭಾದ್ರಪದದ ಚೌತಿ ಚಂದ್ರನನ್ನು ನೋಡಬಾರದು ಅಂತಾರಲ್ವಾ, ಅದರ ಮೇಲೊಂದು ಮುಚ್ಚಳ ಹಾಕಿ, ಪಕ್ಕದಲ್ಲಿ ಗಣಪತಿಯನ್ನು ಕೂರಿಸಿ. ಮಕ್ಕಳು ಮೊದಲು ಎತ್ತುವುದು ಅದನ್ನೇ.

ಹಿಗ್ಗಿಸಿ ನೋಡುವುದಕ್ಕೆ ಎರಡು ಸಲ ಬಿಚ್ಚುವ ಮಡಿಕೆ ಮಾಡಿ. ಮಡಚಿದಾಗ ರೂಪಾಯಿಯಷ್ಟು ಚಂದ್ರ, ಒಮ್ಮೆ ಬಿಚ್ಚಿದರೆ ತಟ್ಟೆಯಷ್ಟು, ಇನ್ನೊಮ್ಮೆ ಬಿಚ್ಚಿದರೆ ಪುಟ ತುಂಬ ಮೊಲ. ಮೊಲದ ತಲೆಯಾಗಿ ಕಾಣುವ ಕಪ್ಪು ಬಯಲಿನಲ್ಲೇ 1969ರಲ್ಲಿ ಅಪೊಲೊ 11 ಇಳಿದದ್ದು. ನಮ್ಮ ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಇಳಿದದ್ದು ದಕ್ಷಿಣ ಧ್ರುವದ ಕಡೆಗೆ. ಎರಡೂ ಜಾಗದ ಮೇಲೆ ಉಗುರಿನಷ್ಟು ಮುಚ್ಚಳ ಇಡಿ.

ಕೊನೆಯ ಜೇಬಿನಲ್ಲಿ 12 ಚೀಟಿ. ಆ್ಯಪ್ ಎಲ್ಲದಕ್ಕೂ ಬರೀ 'ಫುಲ್ ಮೂನ್' ಅನ್ನುತ್ತದೆ. ನಮಗೆ ಕಾರಹುಣ್ಣಿಮೆ, ನೂಲ ಹುಣ್ಣಿಮೆ, ಸೀಗೆ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ ಎಂದು ಒಂದೊಂದಕ್ಕೂ ಹೆಸರಿದೆ. ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಚೀಟಿಯ ಹಿಂದೆ ಆ ದಿನ ಅವರ ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಎರಡು ಸಾಲು.

ಹೊಲಿಗೆ

ಬೆನ್ನಿನ ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು. 50 ಸೆಂಟಿಮೀಟರ್ ಗಟ್ಟಿ ದಾರಕ್ಕೆ ಮೇಣದಬತ್ತಿ ಉಜ್ಜಿ. ನಡುವಿನ ತೂತಿನಿಂದ ಒಳಗಿಂದ ಹೊರಗೆ, ಮೇಲಿನದರಿಂದ ಒಳಗೆ, ನಡುವಿನದನ್ನು ಬಿಟ್ಟು ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನದರಿಂದ ಒಳಗೆ. ಒಳಗಿನ ಉದ್ದ ದಾರ ನಡುವೆ ಸಿಕ್ಕಿಕೊಳ್ಳುವ ಹಾಗೆ ಗಂಟು ಹಾಕಿ. ಸ್ಟೇಪ್ಲರ್ ಬೇಡ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಇಟ್ಟು ಬೆಳಗ್ಗೆ ತೆಗೆಯಿರಿ.

ಹಿಂಬದಿಯ ರಕ್ಷಾಪುಟದಲ್ಲಿ ಬಳಸುವ ಕ್ರಮವನ್ನು ಕೈಯಲ್ಲೇ ಬರೆಯಿರಿ: ದಿನಾ ಬೆಳಗ್ಗೆ ಕ್ಯಾಲೆಂಡರ್ ನೋಡಿ ಚಕ್ರವನ್ನು ಒಂದು ಮನೆ ತಿರುಗಿಸಬೇಕು. ತಿಥಿಯ ಉದ್ದ ಸುಮಾರು 19ರಿಂದ 26 ಗಂಟೆಯವರೆಗೆ ಹೆಚ್ಚುಕಡಿಮೆ ಆಗುವುದರಿಂದ ಕೆಲವು ದಿನ ಎರಡು ಮನೆ ದಾಟಿಸಬೇಕಾಗುತ್ತದೆ, ಕೆಲವು ದಿನ ತಿರುಗಿಸದೆ ಹಾಗೇ ಬಿಡಬೇಕಾಗುತ್ತದೆ.